ಕೊಂಡಿ ಇರುವ ಮನೆ

ಒಂದಾನೊಂದು ಕಾಲದಲ್ಲಿ, ಅಂದರೆ ಮೊನ್ನೆ ಜ್ಯೇಷ್ಠ ಮಾಸ ಮುಗಿಯಲು ಎರಡೇ ದಿನ ಉಳಿದಿದ್ದಾಗ, ಕಲಘಟಗಿ ಎಂಬ ಊರಿನಲ್ಲಿ ಮಿಲಿಂದನೆಂಬ ಬಾಡಿಗೆದಾರನಿದ್ದ. ಕತೆಯ ರಾಜರಿಗೆ ಏಳು ಅಂತಸ್ತಿನ ಅರಮನೆ ಇರುತ್ತದೆ. ಇವನಿಗಿದ್ದದ್ದು ಎರಡು ಕೋಣೆ, ಒಂದು ಬಚ್ಚಲು, ಅವೂ ಶಿವಗಂಗವ್ವನವು. ರಾಜರು ರಾಜ್ಯ ಕಳೆದುಕೊಂಡು ಕಾಡು ಸೇರುವಂತೆ ಇವನೂ ಹುಬ್ಬಳ್ಳಿ ಕಳೆದುಕೊಂಡು ಇಲ್ಲಿಗೆ ಬಂದವನು. ಹುಬ್ಬಳ್ಳಿಯ ಪಂಪ್‌ಸೆಟ್ ಅಂಗಡಿಯಲ್ಲಿ ಅವನ ಪಗಾರ ನಿಂತಲ್ಲೇ ನಿಂತಿತ್ತು. ಬಾಡಿಗೆ ಮಾತ್ರ ಏರುತ್ತ ಏರುತ್ತ ಅವನನ್ನು ವರ್ಷಕ್ಕೊಂದು ಬಸ್ ಸ್ಟಾಪಿನಂತೆ ಹಿಂದಕ್ಕೆ ತಳ್ಳುತ್ತಿತ್ತು. ಮೊದಲು ವಿದ್ಯಾನಗರ, ಆಮೇಲೆ ಕಾರವಾರ ರಸ್ತೆ, ಆಮೇಲೆ ಅಂಚಟಗೇರಿ, ಈಗ ಕಲಘಟಗಿ. "ಇನ್ನೊಮ್ಮೆ ಏರಿದ್ರ ಯಲ್ಲಾಪುರ, ಅದರ ಮ್ಯಾಲೂ ಏರಿದ್ರ ಸಮುದ್ರನ ನೋಡ್ರಿ" ಎಂದು ಹೆಂಡತಿ ಸಂಪದಾ ಆಗಲೇ ಭವಿಷ್ಯ ನುಡಿದಿದ್ದಳು.

ಸಂಪದಾ ಬಾಣಂತನಕ್ಕೆ ನವಲಗುಂದದ ತವರಿಗೆ ಹೋದವಳು ಇಂದು ಸಂಜೆ ಐದೂವರೆಯ ಬಸ್ಸಿಗೆ ಐದು ತಿಂಗಳ ಮಗಳೊಡನೆ ಬರುವವಳಿದ್ದಳು. ಮಿಲಿಂದ ಆ ಮಗಳನ್ನು ಎತ್ತಿಕೊಂಡದ್ದು ನಾಲ್ಕೇ ಸಲ. ನಾಲ್ಕೂ ಸಲ ಅವಳು ಅವನನ್ನು ಯಾರೋ ಕಂಡಕ್ಟರ್ ಎಂಬಂತೆ ನೋಡಿ ಅತ್ತಿದ್ದಳು.

ಅತ್ತೆ ಹೀರಾಬಾಯಿ ಫೋನಿನಲ್ಲಿ ಕರಾರು ಹಾಕಿದ್ದರು. "ನಾಳೆ ಅಮಾಸಿ, ನಾಡದು ಆಷಾಢ. ತೊಟ್ಟಲಾ ನಾವ ಕೊಡಸೇವಿ ಮಿಲಿಂದರಾವ್, ಕಟ್ಟೋದಷ್ಟ ನಿಮ್ಮ ಕೆಲಸ. ತೊಟ್ಟಲಾ ಕಟ್ಟೋ ಜಾಗಾ ಇದ್ದ ಮನಿಗೇ ನಾ ಮಗಳನ್ನ ಬಿಡಾಕಿ. ಇಲ್ಲಾಂದ್ರ ಅದೇ ಬಸ್ಸಿಗೆ ತಿರುಗಿ ಕರ್ಕೊಂಡು ಹೋಗ್ತೇನಿ. ಒಂದ್ ತಿಂಗಳಾ ಕೇಳಬ್ಯಾಡ್ರಿ."

"ಇವತ್ತ ಕಟ್ಟಿ ತೂಗೂದು, ಮಾತಂದ್ರ ಮಾತ್ರಿ ಅತ್ಯಾ" ಎಂದ ಮಿಲಿಂದ.

ಮಾತೇನೋ ಕೊಟ್ಟ. ಆದರೆ ಶಿವಗಂಗವ್ವನದು ಸ್ಲ್ಯಾಬಿನ ಮನೆ. ಜಂತೆಯೂ ಇಲ್ಲ, ಕೊಂಡಿಯೂ ಇಲ್ಲ. ಮೊದಲೇ ಕೇಳಿದರೆ ಬೇಡ ಅನ್ನುತ್ತಾಳೆ, ಕೂಡಿಸಿದ ಮೇಲೆ ಹೇಳಿದರೆ ನಕ್ಕು ಬಿಡುತ್ತಾಳೆ ಎಂದು ಎಣಿಸಿ, ಬೆಳಿಗ್ಗೆ ಎಂಟಕ್ಕೇ ಗಾರೆ ಕೆಲಸದ ಗೌಂಡಿ ನದೀಮನನ್ನು ಕರೆಸಿದ. ನದೀಮ್ ಸ್ಟೂಲು ಹತ್ತಿ ಡ್ರಿಲ್ ಹಿಡಿದ. ಮಿಲಿಂದ ತಲೆಗೆ ಟವೆಲ್ ಸುತ್ತಿ, ಧೂಳಿಗೆ ಕಣ್ಣು ಮುಚ್ಚಿ, ಸ್ಟೂಲಿನ ಕಾಲು ತಬ್ಬಿಕೊಂಡು ಕೂತ.

"ಸಾಹೇಬ್ರ, ಇನ್ನಾ ಒಳಗ ಹೋಗ್ಲೇನ್ರಿ?"

"ಹೋಗ್ಲಿ, ಹೋಗ್ಲಿ. ಗಟ್ಟಿ ಆಗಬೇಕು."

ಮೇಲಿನ ಮನೆಯಲ್ಲಿ ಶಿವಗಂಗವ್ವ ನೆಲಕ್ಕೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಬುಟ್ಟಿಯ ಪಕ್ಕದಲ್ಲಿ ನೆಲ ಗುರುಗುಟ್ಟಿತು, ಫರಸಿ ಬಿರಿಯಿತು, ಉಳ್ಳಾಗಡ್ಡಿ ಮೊಳಕೆಯೊಡೆದಂತೆ ಕಬ್ಬಿಣದ ತುದಿಯೊಂದು ಮೇಲೆದ್ದು ಗಿರಗಿರ ತಿರುಗಿತು. ಅವಳು ಮೊದಲು ಕೈ ಮುಗಿದಳು. ಅದು ದೇವರಲ್ಲ ಎಂದು ತಿಳಿದದ್ದೇ, ಕೈಯಲ್ಲಿದ್ದ ಹಸಿ ರೊಟ್ಟಿಯ ಸಮೇತ ಮೆಟ್ಟಿಲಿಳಿದು ಬಂದಳು.

"ಏನ್ರಿ ಸರ, ನಮ್ಮನಿ ಅಂದ್ರ ಬೋರ್ ಹೊಡಸೋ ಹೊಲಾ ಅಂತ ತಿಳದೀರೇನು?"

"ಕೊಂಡಿ ರೀ ಅಕ್ಕಾರ... ಕೂಸಿನ ತೊಟ್ಟಲಕ್ಕ..."

"ನಿಮ್ಮ ಕೂಸು ತೂಗಾಕ ನನ್ನ ಅಡಗಿಮನಿ ತೂತ ಬೀಳಬೇಕೇನು? ಕೀಲಿಕೈ ಕೊಡ್ರಿ ಇಲ್ಲೆ! ಸಂಜೀಕೆ ನಿಮ್ಮ ಸಾಮಾನ ಕಟ್ಟಿಮ್ಯಾಲೆ ಇಟ್ಟಿರ್ತೇನಿ, ಬಂದು ಒಯ್ಯಿರಿ. ಹುಬ್ಬಳ್ಳಿ ಮಂದಿ ಬರಾಕ ಹತ್ತಿದ ಮ್ಯಾಲೆ ಮನಿ ಕೇಳೋರಿಗೇನು ಬರ ಐತಿ?"

ಆ ಹುಬ್ಬಳ್ಳಿ ಮಂದಿಯಲ್ಲಿ ಒಬ್ಬನಾದ ಮಿಲಿಂದ ತಲೆಯ ಟವೆಲ್ ಬಿಚ್ಚಿ ಧೂಳು ಕೊಡವಿದ.

"ಅವ್ವಾರ, ತೂತ ಹಂಗ ಬಿಟ್ರ ನೀರ ಸೋರತೈತ್ರಿ" ಎಂದ ನದೀಮ್ ಮೆಲ್ಲಗೆ. "ಕೊಂಡಿ ಕುಂದರಿಸಿ ಮುಚ್ಚಿಬಿಡ್ತೇನಿ."

"ನೀ ಮುಚ್ಚಪಾ. ಇವರು ಹೊಂಡಲಿ."

ಮಿಲಿಂದ ಕೀಲಿಕೈ ಕೊಟ್ಟ. ಅದಕ್ಕೆ ಸಂಪದಾ ಕಟ್ಟಿದ್ದ ಹಸಿರು ಉಣ್ಣೆಯ ಗೊಂಡೆಯೂ ಅದರೊಂದಿಗೆ ಹೋಯಿತು.

ಅದೇ ಗಳಿಗೆಗೆ ಹೀರಾಬಾಯಿ ಮಾಡಿಸಿದ್ದ ತೊಟ್ಟಿಲು ಅಂಗಳಕ್ಕೆ ಬಂದಿಳಿಯಿತು. ಕೆಂಪು ಹಳದಿ ಬಣ್ಣ, ಸುತ್ತ ಬಳ್ಳಿ, ಬಳ್ಳಿಗೊಂದು ಗಿಳಿ. "ಅದನ್ನೂ ಇಲ್ಲೆ ಇಡಂಗಿಲ್ಲ" ಎಂದಳು ಶಿವಗಂಗವ್ವ. ಮಿಲಿಂದ ಸ್ಕೂಟರಿನ ಹಿಂದಿನ ಸೀಟಿಗೆ ಹಗ್ಗ ಸುತ್ತುತ್ತಿರುವಾಗ ಫೋನು ಬಂತು.

"ತೊಟ್ಟಲಾ ಬಂತೇನ್ರಿ?"

"ಬಂತ್ರಿ ಅತ್ಯಾ. ಈಗ ಕಟ್ಟಲಿಕ್ಕೇ ಹತ್ತೇನಿ." ಅದೇನೂ ಸುಳ್ಳಾಗಿರಲಿಲ್ಲ.

"ಖಾಲಿ ತೊಟ್ಟಲಾ ಅಲುಗಾಡಸಬ್ಯಾಡ್ರಿ ಮತ್ತ, ಕೂಸಿಗೆ ಛಲೋ ಅಲ್ಲ. ಒಳಗ ಗುಂಡಕಲ್ಲು ಮಲಗಸ್ರಿ. ನಾ ಕಳಿಸಿದ ಕುಂಚಗಿ ಹಾಕೋದು ಮರೀಬ್ಯಾಡ್ರಿ."

ಹೆಸರಿಡುವ ದಿನ ತೊಟ್ಟಿಲಲ್ಲಿ ಕೂಸಿಗಿಂತ ಮೊದಲು ಗುಂಡುಕಲ್ಲು ಮಲಗುವುದು ಈ ಕಡೆಯ ಹಳೆಯ ಪದ್ಧತಿ. ಮಿಲಿಂದ ಅಂಗಲಾಚಿ ಒಳಗೆ ಹೋಗಿ ಖಾರ ಅರೆಯುವ ಗುಂಡುಕಲ್ಲನ್ನು ತಂದ, ಅದಕ್ಕೆ ತಲೆಯಿಂದ ಬೆನ್ನಿನವರೆಗೆ ಇಳಿಯುವ ಕೂಸಿನ ಕುಂಚಿಗೆ ತೊಡಿಸಿದ, ತೊಟ್ಟಿಲಲ್ಲಿ ಮಲಗಿಸಿದ, ಸ್ಕೂಟರ್ ಒದ್ದ.

ಮೂರನೆಯ ಓಣಿಯಲ್ಲಿ 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಕಂಡಿತು. ಹಳೆಯ ಮನೆ, ಸಾಗವಾನಿ ಜಂತೆ, ಜಂತೆಯಲ್ಲಿ ಕೈಯಷ್ಟು ದಪ್ಪನೆಯ ಕೊಂಡಿ! ಮಾಲಕರು ರಿಟಾಯರ್ ಆದ ಮಾಸ್ತರರು.

"ಎಲ್ಲಾ ಬರೊಬ್ಬರಿ. ಆದ್ರ ಅಳೋ ಕೂಸು ಇದ್ರ ನಮಗ ಆಗಿಬರಂಗಿಲ್ರಿ" ಎಂದ ಮಾಸ್ತರರು ಸ್ಕೂಟರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ದೂರದಿಂದಲೇ ತೊಟ್ಟಿಲಿಗೆ ಕಿವಿಗೊಟ್ಟರು. ಎರಡು ಚಿಟಿಕೆ ಹೊಡೆದರು. ಹಾರ್ನ್ ಬಾರಿಸಿಯೂ ನೋಡಿದರು. "ಲೇ, ಇಲ್ಲಿ ಬಾ! ಎಂಥಾ ಶಾಣ್ಯಾ ಕೂಸು ನೋಡು. ಹಾರ್ನ್ ಹೊಡದ್ರೂ ಮಿಸುಕವಲ್ದು!"

ಇಂಥ ಹೊತ್ತಿನಲ್ಲಿ ನಿಜ ಹೇಳಿದವನು ಬೀದಿಯಲ್ಲೇ ಉಳಿಯುತ್ತಾನೆ ಎಂದುಕೊಂಡು ಮಿಲಿಂದ ಕುಂಚಿಗೆಯನ್ನು ಕಲ್ಲಿನ ಮೇಲೆ ಇನ್ನಷ್ಟು ಎಳೆದ. ಮಾಸ್ತರರ ಹೆಂಡತಿ ಓಡಿ ಬಂದರು. "ಬಾ ನನ್ನ ಬಂಗಾರಾ" ಎಂದು ಕುಂಚಿಗೆಗೆ ಕೈ ಹಾಕಿ ಎತ್ತಿದರು. "ಅಯ್ಯ, ಎಷ್ಟ್ ಭಾರ ಅದಾಳ್ರೀ..." ಎನ್ನುತ್ತ ಮುಖ ನೋಡಲು ಕುಂಚಿಗೆ ಸರಿಸಿದರು. ಮುಖವಿರಲಿಲ್ಲ. ಅವರ ಕಿರುಚಾಟಕ್ಕೆ ಓಣಿಯೇ ಹೊರಬಂತು. ಗುಂಡುಕಲ್ಲು ಜಾರಿ ಮಾಸ್ತರರ ಕಾಲ್ಬೆರಳಿನ ಮೇಲೆ ಕೂತಿತು. ಕೊನೆಗೆ ಅತ್ತವರು ಮಾಸ್ತರರೇ.

ಮಧ್ಯಾಹ್ನದ ಹೊತ್ತಿಗೆ ಕಲ್ಲಿಗೆ ಕುಂಚಿಗೆ ಹಾಕಿಕೊಂಡು ತಿರುಗುವವನ ಸುದ್ದಿ ಅವನಿಗಿಂತ ಮುಂದೆ ಮುಂದೆ ಓಡಿತು. ಒಂದು ಮನೆಯವರು ಕದವೇ ತೆಗೆಯಲಿಲ್ಲ. ಇನ್ನೊಬ್ಬರ ಕೊಂಡಿಗೆ ಬಾಳೆಗೊನೆ ತೂಗುತ್ತಿತ್ತು. ಅದು ಹಣ್ಣಾಗುವ ತನಕ ತಡೆಯಿರಿ ಎಂದರು. ಬಿಸಿಲಿಗೆ ಬೆಂದು, ತೊಟ್ಟಿಲ ಗಿಳಿಗಳ ಮೇಲೆ ಧೂಳು ಹೊತ್ತು, ಮಿಲಿಂದ ಬಸ್ ಸ್ಟ್ಯಾಂಡಿನ ಎದುರಿನ ಮಡಿವಾಳೆಪ್ಪನ ಝೆರಾಕ್ಸ್ ಅಂಗಡಿಗೆ ಬಂದು ಬಿದ್ದ. ಮಡಿವಾಳೆಪ್ಪ ಝೆರಾಕ್ಸ್ ತೆಗೆಯುವುದು ಹೆಸರಿಗೆ. ಊರಿನ ಬಾಡಿಗೆ ಮನೆಗಳೆಲ್ಲ ಅವನ ಕಿಸೆಯಲ್ಲಿದ್ದವು.

"ಮನಿ ಅದಾವು. ಆದ್ರ ನಾ ತೋರಸಂಗಿಲ್ರಿ" ಎಂದ ಮಡಿವಾಳೆಪ್ಪ. "ತೋರಿಸಿದ್ರ ನೀವು ನನ್ನ ಬಿಟ್ಟು ಸೀದಾ ಮಾಲಕರ ಕಡೆ ಹೊಕ್ಕೀರಿ. ಫೋಟೋ ನೋಡ್ರಿ. ಮನಸಿಗೆ ಬಂದ್ರ ಎಲಿ ಅಡಿಕಿ ತಗೋರಿ. ಆಮ್ಯಾಲೆ ಕೀಲಿಕೈ, ಆಮ್ಯಾಲೆ ವಿಳಾಸ. ಮಾಲಕರಿಗೂ ಅದ ಕಾಯ್ದೆ, ಅವ್ರಿಗೂ ಪಾರ್ಟಿ ಹೆಸರು ಹೇಳಂಗಿಲ್ಲ. ಎಲಿ ಅಡಿಕಿ ಆದ ಮ್ಯಾಲೆ ಒಲ್ಲೆ ಅನ್ನೋ ಮಾತು ಅವ್ರೂ ಆಡಂಗಿಲ್ಲ, ನೀವೂ ಆಡಂಗಿಲ್ಲ."

"ನನಗ ಮನೀ ಫೋಟೋನೂ ಬ್ಯಾಡ್ರಿ. ಕೊಂಡೀದು ಒಂದು ತೋರಿಸ್ರಿ ಸಾಕು."

"ಕೊಂಡೀದಾ?"

"ಕೊಂಡೀದ."

ಮಡಿವಾಳೆಪ್ಪ ಅವನನ್ನು ನೋಡಿದ, ತೊಟ್ಟಿಲು ನೋಡಿದ, ಕುಂಚಿಗೆ ತೊಟ್ಟ ಕಲ್ಲನ್ನು ನೋಡಿದ. ಏನೂ ಕೇಳದೆ ಮಾಲಕರ ವಾಟ್ಸಾಪ್ ಗುಂಪಿನಲ್ಲಿ ಬರೆದ: 'ಕೊಂಡಿ ಪಾರ್ಟಿ ಬಂದೈತಿ. ಸಂಜಿ ಒಳಗ ಬೇಕು. ರೇಟು ನೋಡಂಗಿಲ್ಲ.'

"ರೇಟು ನೋಡಂಗಿಲ್ಲ ಅಂತ ನಾ ಯಾವಾಗ ಅಂದೆರೀ?"

"ನಿಮ್ಮ ಮಾರಿ ಅಂತು."

ಮೂರು ಗಂಟೆಗೆ ನದೀಮ್ ಬೈಕಿನ ಮೇಲೆ ಡ್ರಿಲ್ ಇಟ್ಟುಕೊಂಡು ಅಂಗಡಿಯ ಮುಂದೆ ಹಾದ. ಮಿಲಿಂದನನ್ನು ಕಂಡು ಬ್ರೇಕ್ ಹಾಕಿ ಎದೆಗೆ ಕೈ ಹಚ್ಚಿದ. "ಸಾಹೇಬ್ರ, ಯಾವನೋ ಕೊಂಡಿ ಪಾರ್ಟಿ ಬಂದಾನಂತ್ರಿ ಊರಾಗ. ಮಂದಿ ಮುಗಿಬಿದ್ದು ಕೊಂಡಿ ಹಾಕಸಾಕ ಹತ್ಯಾರ. ಆರು ಆದ್ವು, ಇನ್ನೂ ನಾಕು ಅದಾವು. ಅವನ ಹೊಟ್ಟಿ ತಣ್ಣಗಿರಲಿ!"

ಹೊಟ್ಟೆ ತಣ್ಣಗೇ ಇತ್ತು; ಬೆಳಗಿನಿಂದ ಅದಕ್ಕೆ ಏನೂ ಬಿದ್ದಿರಲಿಲ್ಲ. ಕೊಂಡಿಯ ಫೋಟೋಗಳು ಒಂದೊಂದೇ ಬರತೊಡಗಿದವು. ಒಂದು ಕೊಂಡಿ ಬಂದಾಗಲೆಲ್ಲ ಬಾಡಿಗೆ ಒಂದು ಮೆಟ್ಟಿಲು ಏರಿತು. ಏಳು ಸಾವಿರದ ಕೊಂಡಿ, ಎಂಟು ಸಾವಿರದ ಕೊಂಡಿ. ಒಬ್ಬರಂತೂ ಫ್ಯಾನಿನ ಕೊಂಡಿಯಿಂದ ಫ್ಯಾನ್ ಇಳಿಸಿ, ಗಾಳಿಯಿಲ್ಲದ ಮನೆಗೆ ಹೆಚ್ಚು ಬಾಡಿಗೆ ಕೇಳಿದರು.

ಐದು ಗಂಟೆಗೆ ಸಂಪದಾಳ ಫೋನು. "ಹುಬ್ಬಳ್ಳಿ ಬಿಟ್ಟು ಭಾಳೊತ್ತಾತ್ರೀ. ಅವ್ವಗ ನಾ ಹೇಳೇನಿ, ನಮ್ಮವ್ರು ಮಾತು ತಪ್ಪೂದಿಲ್ಲ ಅಂತ. ತಪ್ಪೂದಿಲ್ಲಲ್ಲಾ?" ಹಿಂದೆ ಮಗಳು ಏನನ್ನೋ ಕಂಡು ಕೇಕೆ ಹಾಕಿದ್ದು ಕೇಳಿಸಿತು. ಮಿಲಿಂದ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

"ಸರ, ಇದು ನೋಡ್ರಿ, ಈಗ ಬಂತು" ಎಂದು ಮಡಿವಾಳೆಪ್ಪ ಫೋನು ಚಾಚಿದ. ಫೋಟೋದಲ್ಲಿ ಹೊಚ್ಚ ಹೊಸ ಕೊಂಡಿ. ಅದಕ್ಕೆ ಅರಿಶಿಣ ಕುಂಕುಮ ಹಚ್ಚಿ ಚೆಂಡುಹೂವಿನ ಸರ ಬಿಟ್ಟಿದ್ದರು. "ಆನಿಮರಿ ಮಲಗಿಸಿದ್ರೂ ತಡೀತೈತಿ. ಆರೂವರಿ ಸಾವಿರಕ್ಕ ಎಳದು ತಂದೇನಿ. ಮಾಲಕರು ಅಗದಿ ಸಂಭಾವಿತ ಹೆಣ್ಮಗಳು. ಹಿಂದಿನ ಬಾಡಗಿದಾರ ಹಲ್ಕಟ್ ಇದ್ನಂತ, ಹೊರಗ ಹಾಕ್ಯಾರ."

"ಅಂಥವ್ರಿಂದನ ನಮ್ಮಂಥವ್ರಿಗೆ ಮನಿ ಸಿಗೂದಿಲ್ಲ ನೋಡ್ರಿ" ಎಂದು ಮಿಲಿಂದ ನಿಟ್ಟುಸಿರಿಟ್ಟ. ಈಗ ಕೊಡುತ್ತಿದ್ದದ್ದು ನಾಲ್ಕೂವರೆ. ಮೇಲಿನ ಎರಡು ಸಾವಿರಕ್ಕೆ ಸಂಜೆಯ ಚಹಾ, ಸ್ಕೂಟರಿನ ಪೆಟ್ರೋಲು, ಹಬ್ಬದ ಅಂಗಿ ಎಲ್ಲ ಬಿಟ್ಟರೂ ಸಾಲದು. ಆದರೆ ಆ ಕೇಕೆ ಕಿವಿಯಲ್ಲಿತ್ತು. ಮಡಿವಾಳೆಪ್ಪ ಚಾಚಿದ ಎಲೆ ಅಡಿಕೆಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ.

"ಮುಗೀತು! ಇನ್ನ ದೇವರು ಬಂದ್ರೂ ಬದಲಾಗಂಗಿಲ್ಲ" ಎಂದು ಮಡಿವಾಳೆಪ್ಪ ಮಾಲಕರ ಪಾಲಿನ ಎಲೆ ಅಡಿಕೆ ಕೊಟ್ಟು ಕೀಲಿಕೈ ತರಲು ಹುಡುಗಿಯೊಬ್ಬಳನ್ನು ಅಟ್ಟಿದ. ಹತ್ತು ನಿಮಿಷಕ್ಕೆ ಕೀಲಿಕೈ ಬಂತು. ಮಿಲಿಂದನ ಅಂಗೈಗೆ ಬಿತ್ತು.

ಹಸಿರು ಉಣ್ಣೆಯ ಗೊಂಡೆ ಇತ್ತು ಅದಕ್ಕೆ.

ಮಿಲಿಂದ ಗೊಂಡೆಯನ್ನು ನೋಡಿದ. ಗೊಂಡೆ ಅವನನ್ನು ನೋಡಿತು.

"ಯಾಕ್ರಿ ಸರ, ಕೊಂಡಿ ಮನಸಿಗೆ ಬರಲಿಲ್ಲೇನು?"

"ಬಂದದರಿ" ಎಂದ ಮಿಲಿಂದ. "ನಾನ ಹಾಕಿಸಿದ್ದು."

ಹೊರಗೆ ಐದೂವರೆಯ ಬಸ್ಸು ಹಾರ್ನ್ ಹೊಡೆಯಿತು.

ಹೊಸ ಬಾಡಿಗೆದಾರರನ್ನು ಬರಮಾಡಿಕೊಳ್ಳಲು ಶಿವಗಂಗವ್ವ ಆರತಿ ತಾಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಕಟ್ಟೆಯ ಮೇಲೆ ಹಳೆಯ ಬಾಡಿಗೆದಾರನ ಗಂಟುಮೂಟೆ ಇತ್ತು. ಮೊದಲು ಸ್ಕೂಟರು, ಅದರ ಮೇಲೆ ತೊಟ್ಟಿಲು, ಹಿಂದಿನಿಂದ ಆಟೋದಲ್ಲಿ ತಾಯಿ ಮಗಳು ಮೊಮ್ಮಗಳು. ಶಿವಗಂಗವ್ವನ ಕೈಯ ತಾಟು ವಾಲಿತು. ಬಾಯಿಯಲ್ಲಿ ಒಪ್ಪಂದದ ಎಲೆ ಅಡಿಕೆ ಇನ್ನೂ ಇತ್ತು. ಉಗುಳುವಂತಿರಲಿಲ್ಲ, ನುಂಗುವುದೂ ಕಷ್ಟವಾಗಿತ್ತು.

"ನೀವಾ?"

"ನಾನ್ರೀ ಅಕ್ಕಾರ. ಹಿಂದಿನವ ಹಲ್ಕಟ್ ಇದ್ನಂತಲ್ಲಾ?"

ಶಿವಗಂಗವ್ವ ಕೊನೆಗೂ ನುಂಗಿದಳು. "ಇದ್ದ. ಅವ ನಾಕೂವರಿ ಕೊಡ್ತಿದ್ದ. ನೀವು ಆರೂವರಿ ಕೊಡೋರು, ಛಲೋ ಮಂದಿ. ಒಳಗ ಬರ್ರಿ." ಕಡ್ಡಿ ಗೀರಿ ಆರತಿ ಹಚ್ಚಿದಳು.

ಹೀರಾಬಾಯಿ ಕನ್ನಡಕ ಏರಿಸಿ ಸುತ್ತ ನೋಡಿದರು. "ಇದು ಅದ ಹಳೀ ಮನಿ ಅಲ್ಲೇನ್ರಿ ಮಿಲಿಂದರಾವ್?"

"ಮನಿ ಹಳೇದರಿ ಅತ್ಯಾ. ಕೊಂಡಿ ಮತ್ತ ಬಾಡಗಿ ಹೊಸಾವು."

ಮಿಲಿಂದ ಸ್ಟೂಲು ಹತ್ತಿದ. ಈ ಸಲ ಕಣ್ಣು ತೆರೆದೇ ಇದ್ದ. ಸರಪಳಿ ಏರಿಸಿ ತೊಟ್ಟಿಲು ಕಟ್ಟಿದ. ಸಂಪದಾ ಗುಂಡುಕಲ್ಲನ್ನು ಹೊರಗೆ ತೆಗೆದು ಅದರ ಕುಂಚಿಗೆಯನ್ನು ಮಗಳಿಗೆ ತೊಡಿಸಿದಳು. ಮಗಳು ತೊಟ್ಟಿಲಲ್ಲಿ ಮಲಗಿ, ಮೇಲೆ ಬಾಗಿದ ಅಪ್ಪನ ಧೂಳು ಮೆತ್ತಿದ ಮುಖವನ್ನು ಬಹಳ ಹೊತ್ತು ನೋಡಿ, ತುಟಿ ಓರೆ ಮಾಡಿದಳು. ಎಲ್ಲರೂ ಉಸಿರು ಹಿಡಿದರು. ಅವಳು ನಕ್ಕಳು.

"ಒಂದ್ ಮಾತು ಕೇಳ್ಲೇನ್ರಿ" ಎಂದಳು ಸಂಪದಾ ಅವನ ಕಿವಿಯ ಹತ್ತಿರ. "ಆರೂವರಿ ಕೊಟ್ಟು ಎಷ್ಟ ದಿನಾ ಇರೂಣು? ಯಲ್ಲಾಪುರದಾಗ ಬಾಡಗಿ ಹ್ಯಾಂಗ ಅದಾವಂತ?"

"ಅದನ್ನ ನಾಳೆ ಕೇಳೂಣು. ಇವತ್ತಿಗೆ ಕೊಟ್ಟ ಮಾತು ಒಂದಾ ಅದ" ಎಂದು ಮಿಲಿಂದ ತೊಟ್ಟಿಲು ತೂಗುವ ಹಗ್ಗಕ್ಕೆ ಕೈ ಹಾಕಿದ.

ಮೇಲೆ ಶಿವಗಂಗವ್ವ ರೊಟ್ಟಿ ಬಡಿಯಲು ಕೂತಿದ್ದಳು. ಪಟಪಟ ಸದ್ದು ನೆಲದೊಳಗಿಂದ ಕೊಂಡಿಗೆ, ಕೊಂಡಿಯಿಂದ ಸರಪಳಿಗೆ ಇಳಿಯಿತು. ಅವನು ಎಳೆಯುವ ಮೊದಲೇ ತೊಟ್ಟಿಲು ತೂಗಿತು.