ಅಪವಾದವಿದ್ದವರಿಗೆ ಮಾತ್ರ ವಿಮೆ

ಬಹಳ ಹಿಂದೆ, ಕ್ಯಾಶ್‌ಲೆಸ್ ಚಿಕಿತ್ಸೆ ಬರೀ ಬಾಯಿಮಾತಾಗಿದ್ದ ಕಾಲದಲ್ಲಿ, ಕ್ಷೇಮಪುರಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಅಭಯಹಸ್ತದೇವರು. ಅವರ ಬಲಗೈ ಅಭಯ ನೀಡುತ್ತ ಸದಾ ಮೇಲೆಯೇ ಇರುತ್ತಿದ್ದುದರಿಂದ ಸಹಿ ಹಾಕುವ ಕೆಲಸವೆಲ್ಲ ಮಂತ್ರಿ ತಥಾಸ್ತುಭಟ್ಟರ ಪಾಲಿಗೆ ಬಂದಿತ್ತು.

ಮಹಾರಾಜರಿಗೆ ಕೊಡೆ ಹಿಡಿಯುವ ನೌಕರ ಮಾಯಣ್ಣ. ಅವನೂ ಹೂ ಕಟ್ಟುವ ನೀಲಾಜಿಯೂ ಮಲ್ಲಿಗೆಕೇರಿಯಲ್ಲಿ ಹನ್ನೊಂದು ವರ್ಷದಿಂದ ಒಂದೇ ಸೂರಿನಡಿ ಇದ್ದರು. ಮದುವೆ ಆಗಿರಲಿಲ್ಲ. ಯಾಕೆಂದು ಕೇಳಿದರೆ, ಬೇಕೆನಿಸಲಿಲ್ಲ ಎನ್ನುತ್ತಿದ್ದರು. ಅಷ್ಟು ಸಣ್ಣ ಉತ್ತರ ಬರೆಯಲು ಅರಮನೆಯ ಅರ್ಜಿಯಲ್ಲಿ ಜಾಗವಿರಲಿಲ್ಲ.

ಹೀಗಿರಲು ನೀಲಾಜಿಯ ಪಿತ್ತಕೋಶದಲ್ಲಿ ಕಲ್ಲಾಯಿತು. ಬೇಗ ತೆಗೆಯದಿದ್ದರೆ ಜೀವಕ್ಕೇ ಅಪಾಯ ಎಂದ ವೈದ್ಯರು ಅದೇ ಉಸಿರಿನಲ್ಲಿ ವಿಮೆ ಉಂಟೋ ಎಂದರು. ಅರಮನೆ ನೌಕರರ ವಿಮೆಯಲ್ಲಿ ಹೆಂಡತಿ, ಮಕ್ಕಳು, ಅತ್ತೆ, ಮಾವ, ಸಾಕಿದ ಗಿಳಿಯವರೆಗೆ ಎಲ್ಲರೂ ಇದ್ದರು, ಸಂಗಾತಿ ಇರಲಿಲ್ಲ. ಈಗಲೇ ತಾಳಿ ಕಟ್ಟೋಣವೆಂದರೆ ಹೊಸ ಹೆಂಡತಿಗೆ ನಾಲ್ಕು ವರ್ಷ ವೇಟಿಂಗ್ ಪೀರಿಯಡ್. ಕಲ್ಲು ಅಲ್ಲಿಯವರೆಗೆ ಕಾಯುವಂತಿರಲಿಲ್ಲ.

ಮಾಯಣ್ಣ ಮಹಾರಾಜರಲ್ಲಿ ಬಿನ್ನವಿಸಿಕೊಂಡ. ಎತ್ತಿದ ಹಸ್ತ ಇನ್ನೂ ಸ್ವಲ್ಪ ಮೇಲೇರಿತು. ಮಂತ್ರಿಗಳು ಸಮಿತಿ ರಚಿಸಿದರು. ಸಮಿತಿಯು ಹಲವು ಭೋಜನಗಳ ನಂತರ ಕಂಡುಕೊಂಡ ಸತ್ಯವಿದು: ಮದುವೆಯಾದವರಿಗೆ ಪುರೋಹಿತ ಸಾಕ್ಷಿ, ಆಗದವರಿಗೆ ಊರ ಬಾಯಿಯೇ ಸಾಕ್ಷಿ. ಕೂಡಲೇ ಡಂಗುರ ಹೊಡೆಸಲಾಯಿತು. ವಿವಾಹವಾಗದ ಸಂಗಾತಿಗೂ ವಿಮೆ ಉಂಟು. ಆದರೆ ಅಂಥವರ ಬಗ್ಗೆ ಕೇರಿಯಲ್ಲಿ ಅಪವಾದವಿರುವುದು ಅಧಿಕಾರಿಯ ಸಮಕ್ಷಮ ದೃಢಪಡತಕ್ಕದ್ದು.

ಮಾಯಣ್ಣನಿಗೆ ಹೋದ ಜೀವ ಬಂತು. ಅಪವಾದಕ್ಕೇನು ಬರ? ಎದುರುಮನೆ ಸಣ್ಣತಾಯಮ್ಮ ಇಷ್ಟು ವರ್ಷ ನಲ್ಲಿಯ ಹತ್ತಿರ ಬೇರೆ ವಿಷಯವನ್ನೇ ಎತ್ತಿರಲಿಲ್ಲ.

ಪರಿಶೀಲನಾಧಿಕಾರಿ ಬಂದು, ಕುರ್ಚಿ ಹಾಕಿಸಿಕೊಂಡು ಕೇಳಿದ್ದೇ ತಡ, ಆಕೆ ಸೆರಗು ಹೊದ್ದುಕೊಂಡಳು.

"ಒಬ್ಬರ ಮನೆ ಇಚಾರ ನಮಗ್ಯಾಕೆ ಸ್ವಾಮಿ? ಅಣ್ಣ-ತಂಗಿ ತರ ಅವ್ರೆ."

ಪಕ್ಕದ ಮನೆಯವರು ತಾವು ಆ ಕಡೆ ತಿರುಗಿಯೂ ನೋಡಿದವರಲ್ಲ ಎಂದರು. ಅದರ ಪಕ್ಕದವರಿಗೆ ಕಣ್ಣೇ ಸರಿಯಾಗಿ ಕಾಣುತ್ತಿರಲಿಲ್ಲ. ಕುರ್ಚಿ ಏಳುವಷ್ಟರಲ್ಲಿ ಇಡೀ ಕೇರಿ ಸಂಭಾವಿತವಾಗಿಬಿಟ್ಟಿತ್ತು. ಅರ್ಜಿ ತಿರಸ್ಕೃತವಾಯಿತು. ಷರಾ: ಅಪವಾದದ ಕೊರತೆ.

ಮಾಯಣ್ಣ ನೇರ ಎದುರುಮನೆಗೆ ಹೋದ.

"ಇಷ್ಟು ವರ್ಸ ಆಡ್ಕೊಂಡ್ರಲ್ಲ ಅಕ್ಕಾ, ಇವತ್ತೊಂದಿನ ಆಡ್ಕೊಳಕ್ಕೆ ಏನಾಗಿತ್ತು?"

"ಆಫೀಸರ್ ಮುಂದೆ ನಮ್ಮ ಕೇರಿ ಹೆಣ್ಮಗಳ ಹೆಸ್ರು ಕೆಡಿಸಕ್ಕಾಯ್ತದೇನ್ಲಾ? ಮಾನ ಮರ್ಯಾದೆ ಬ್ಯಾಡ್ವಾ?"

ಹೊಟ್ಟೆ ಹಿಡಿದುಕೊಂಡು ಅವನ ಹಿಂದೆಯೇ ಬಂದಿದ್ದ ನೀಲಾಜಿ ಬಾಗಿಲಿಗೆ ಒರಗಿ ಹೇಳಿದಳು: "ಹೆಸ್ರು ಕೆಟ್ರೆ ಕೆಡ್ಲಿ ಅಕ್ಕಾ. ಜೀವ ಉಳೀಲಿ."

ಮರುದಿನ ಸಣ್ಣತಾಯಮ್ಮ ಅರಮನೆಗೇ ಹೋಗಿ ಬಾಯಿ ಬಿಟ್ಟಳು. ನಡೆದದ್ದು, ನಡೆಯದೆ ಇದ್ದದ್ದು, ನಡೆಯಲು ಸಾಧ್ಯವೇ ಇಲ್ಲದ್ದು ಎಲ್ಲವನ್ನೂ ಹೇಳಿದಳು. ಬರೆದುಕೊಳ್ಳುತ್ತಿದ್ದ ಗುಮಾಸ್ತನಿಗೆ ನಡುನಡುವೆ ನೀರು ಕೊಡಬೇಕಾಯಿತು. ಇಷ್ಟು ಉತ್ಕೃಷ್ಟ ಅಪವಾದ ರಾಜ್ಯದಲ್ಲಿ ಹಿಂದೆಂದೂ ದಾಖಲಾಗಿಲ್ಲವೆಂದು ಸಮಿತಿ ಮೆಚ್ಚಿತು. ವಿಮೆ ಮಂಜೂರಾಯಿತು.

ಮಂಜೂರಾತಿಯ ಪ್ರತಿ, ಪದ್ಧತಿಯಂತೆ, ನಡತೆ ವಿಭಾಗಕ್ಕೂ ಹೋಯಿತು. ಅಲ್ಲೊಂದು ಹಳೆಯ ನಿಯಮವಿತ್ತು: ಅಪವಾದಕ್ಕೆ ಗುರಿಯಾದ ನೌಕರನನ್ನು ಕೆಲಸದಿಂದ ತೆಗೆಯತಕ್ಕದ್ದು. ತೆಗೆದರು. ನೌಕರನೇ ಅಲ್ಲದವನ ಸಂಗಾತಿಗೆ ನೌಕರರ ವಿಮೆ ಎಲ್ಲಿಯದು? ನೀಲಾಜಿಯನ್ನು ಆಪರೇಷನ್ ಕೋಣೆಯ ಬಾಗಿಲಿನಿಂದ ಹಿಂದಕ್ಕೆ ತಳ್ಳಿಕೊಂಡು ಬಂದರು.

ಆಸ್ಥಾನದಲ್ಲಿ ಮಂತ್ರಿಗಳು ಕೈಮುಗಿದರು.

"ಪ್ರಭೂ, ಒಂದೇ ಕಡತದಲ್ಲಿ ಪ್ರಜೆಗಳ ಆರೋಗ್ಯವನ್ನೂ ಶೀಲವನ್ನೂ ಕಾಪಾಡಿದ ದೊರೆ ತಾವಲ್ಲದೆ ಇನ್ನಾರು?"

"ಬೊಕ್ಕಸಕ್ಕೆ ಹೊರೆಯಾಗಲಿಲ್ಲವಷ್ಟೆ?"

"ಬಿಡಿಗಾಸೂ ಇಲ್ಲ, ಪ್ರಭೂ. ಯೋಜನೆಯ ವೈಶಿಷ್ಟ್ಯವೇ ಅದು."

ಮಹಾರಾಜರಿಗೆ 'ಉಭಯರಕ್ಷಕ' ಎಂಬ ಬಿರುದಿನೊಂದಿಗೆ ಹೊಸ ರತ್ನಕಿರೀಟ ತೊಡಿಸಲಾಯಿತು. ಅದರ ಖರ್ಚಿಗೆ ಕಿರೀಟ ಸೆಸ್ ಬಂತು. ಒಂಟಿ ಜನಕ್ಕೆ ಒಂದು ಪಾಲು, ಸಂಸಾರಸ್ಥರಿಗೆ ಎರಡು.

ಇತ್ತ ಸಣ್ಣತಾಯಮ್ಮ ತನ್ನ ಓಲೆ ಅಡವಿಟ್ಟಳು. ಮಿಕ್ಕಿದ್ದನ್ನು ಕೇರಿಯವರು ಕೂಡಿಸಿ ಹಾಕಿ ನೀಲಾಜಿಯ ಕಲ್ಲು ತೆಗೆಸಿದರು. ಅವಳಿನ್ನೂ ಗಂಜಿ ಕುಡಿಯುತ್ತ ಮಲಗಿದ್ದಾಗಲೇ ಸೆಸ್ ವಸೂಲಿಯವನು ಬಂದ. ಬಾಗಿಲಲ್ಲೇ ನಿಂತು ಒಳಗೆ ಹಣಕಿ ನೋಡಿದ. ಒಂದು ಒಲೆ, ಒಂದು ಹಾಸಿಗೆ, ಎರಡು ತಟ್ಟೆ.

"ಸಂಸಾರ," ಎಂದು ಎರಡು ಪಾಲಿನ ರಸೀದಿ ಹರಿದುಕೊಟ್ಟ. ಸಾಕ್ಷಿ ಕೇಳಲಿಲ್ಲ.