ಹದಿಮೂರು ಬೇರಿಂಗಿನ ಬೀಗರು

ನಮ್ಮ ಅಂಗಡಿಗೆ ಬರುವವರು ಕೆಟ್ಟ ಮೋಟರು ತರುತ್ತಾರೆ, ಹೋಗುವಾಗ ನಗಲಿಕ್ಕೆ ಏನಾದರೊಂದು ಬಿಟ್ಟು ಹೋಗುತ್ತಾರೆ. ಉಣಕಲ್ಲಿನಲ್ಲಿ ಇಪ್ಪತ್ತಾರು ವರ್ಷದಿಂದ ಮೋಟರ್ ವೈಂಡಿಂಗ್ ಮಾಡುತ್ತಿದ್ದೇನೆ. ಸುಟ್ಟ ಪಂಪು, ಫ್ಯಾನು, ಮಿಕ್ಸರು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಇಷ್ಟು ವರ್ಷದಲ್ಲಿ ನಗು ತಪ್ಪಿದ ವಾರವಿಲ್ಲ. ತೊಂದರೆ ಏನೆಂದರೆ, ಮನಸ್ಸಿನೊಳಗೇ ನಕ್ಕು ಸುಮ್ಮನಾಗುವ ಅಭ್ಯಾಸ ನನಗಿಲ್ಲ. ಕಂಡದ್ದನ್ನು ಗಿರಾಕಿಯ ಮುಖಕ್ಕೇ ಹೇಳಿಬಿಡುತ್ತೇನೆ.

ಈ ಬಾಯಿಂದ ಮಗಳ ಒಂದು ಸಂಬಂಧ ಆಗಲೇ ಮುರಿದಿತ್ತು. ಕನ್ಯೆ ನೋಡಲು ಬಂದ ಹುಡುಗನ ಸೋದರಮಾವ ತಮ್ಮ ಮನೆಯ ಹೊಸ ಪಂಪಿನ ಬಗ್ಗೆ ಬಡಾಯಿ ಕೊಚ್ಚತೊಡಗಿದರು. "ಅದರಾಗ ತಾಮ್ರ ಇಲ್ರಿ, ಅಲ್ಯುಮಿನಿಯಂ ತಂತಿ ಐತಿ. ನಿಮಗ ಟೊಪಗಿ ಹಾಕ್ಯಾರ" ಅಂದೆ. ಅವರು ಅವಲಕ್ಕಿ ಅರ್ಧಕ್ಕೇ ಬಿಟ್ಟು ಎದ್ದರು. ಅಂದಿನಿಂದ ಹೆಂಡತಿಯದು ಒಂದೇ ಮಾತು: "ಇನ್ನೊಂದ ಸಂಬಂಧ ನಿಮ್ಮ ಬಾಯಿಂದ ಮುರೀತಂದ್ರ ನೋಡ್ರಿ, ನಾ ನಿಮ್ಮ ಕೂಡ ಮಾತ ಬಿಡ್ತೇನಿ." ಮಗಳೇನೂ ಅನ್ನಲಿಲ್ಲ. ಅವಳು ಸತ್ತೂರಿನಲ್ಲಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ರಕ್ತ ಪರೀಕ್ಷೆ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಡುವ ಕೆಲಸ ಅವಳದು.

ಸ್ಪೇರ್ ಸ್ಪೂಲಿನ ಡಬ್ಬಿ

ಮಳೆಗಾಲದಲ್ಲಿ ಪಂಪು ಸುಡುವುದು ಕಡಿಮೆ. ಅಂಥ ಒಂದು ಖಾಲಿ ದಿನ, ಅಮರಗೋಳದ ಕಡೆ ಬಸ್ಸು ಓಡಿಸುವ ಒಬ್ಬ ಡ್ರೈವರ್ ಬಂದು ಖಾಕಿ ಪ್ಯಾಂಟಿನ ಜೇಬಿನಿಂದ ಒಂದು ರೀಲು ತೆಗೆದ. ರೀಲು ಅಂದರೆ ಮೊಬೈಲಿನಲ್ಲಿ ನೋಡುವುದಲ್ಲ, ಮೀನು ಹಿಡಿಯುವ ಕೋಲಿಗೆ ಕಟ್ಟುವ ಗಾಲಿ. ಅದರ ಮುಂದೆ ಬಟ್ಟಲಿನಷ್ಟು ದೊಡ್ಡ ಸ್ಪೂಲು ಇರುತ್ತದೆ. ಪಕ್ಕದ ಹಿಡಿಕೆ ತಿರುಗಿಸಿದರೆ ಸ್ಪೂಲಿಗೆ ದಾರ ಸುತ್ತಿಕೊಳ್ಳುತ್ತದೆ.

"ಕಾಕಾ, ಎಷ್ಟ ಸುತ್ತ ಆದ್ವು ಅಂತ ಎಣಸೂ ಮೀಟರ್ ನಿಮ್ಮ ಮಷಿನ್ನಿಗೆ ಐತಲ್ಲ, ಇದಕ್ಕ ದಾರ ಸುತ್ತಿ ಕೊಡ್ರಿ" ಅಂದ.

ಇಪ್ಪತ್ತಾರು ವರ್ಷದ ರೂಢಿ, ಬಾಯಿ ತಾನಾಗಿ "ಎಷ್ಟ ಎಚ್‌ಪಿ?" ಅಂತ ಕೇಳಿತು.

"ಅದನ್ನ ಮೀನಕ್ಕ ಕೇಳಬೇಕ್ರಿ."

ಅವನ ರೀಲು ಸಂತೆಯಲ್ಲಿ ಸಿಗುವಂಥ ಅಗ್ಗದ ಮಾಲು. ಮೈಯೆಲ್ಲ ಪ್ಲಾಸ್ಟಿಕ್ಕು, ತಿರುಗಿಸಿದರೆ ಹುರಿದ ಕಡಲೆ ಜಗಿದ ಸದ್ದು. ಸುತ್ತಿ ಕೊಟ್ಟೆ. ಆಮೇಲೆ ಇನ್ನೊಂದು ಜೇಬಿನಿಂದ ಅಂಥದ್ದೇ ಇನ್ನೊಂದು ರೀಲು ತೆಗೆದು, ಅದಕ್ಕೆ ದಪ್ಪ ದಾರ ಸುತ್ತಿರಿ ಅಂದ. ಎರಡು ರೀಲು ಯಾಕೆ ಅಂತ ಕೇಳಿದೆ.

"ಇದಕ್ಕ ಬರೇ ಸ್ಪೂಲು ಬಿಡಿ ಸಿಗೂದಿಲ್ರಿ ಕಾಕಾ. ಸ್ಪೇರ್ ಸ್ಪೂಲು ಬೇಕಂದ್ರ ಇಡೀ ರೀಲ ತಗೋಬೇಕು."

"ಮತ್ತ ಈ ಎರಡನೇದರ ಬಾಡಿ ಏನ ಮಾಡ್ತಿ?"

"ಅದು ಸ್ಪೇರ್ ಸ್ಪೂಲಿನ ಡಬ್ಬಿ ರೀ."

ಒಂದು ಮೀನು

ಡ್ರೈವರು ಕೆರೆಯ ದಂಡೆಯ ಮೇಲೆ ಮೀನು ಹಿಡಿಯುವವರಿಗೆಲ್ಲ ನನ್ನ ಹೆಸರು ಹೇಳಿಬಿಟ್ಟ. ತಿಂಗಳೊಪ್ಪತ್ತಿನಲ್ಲಿ ಅಂಗಡಿಯ ಮುಂದೆ ಕಾರು ನಿಂತಿತು. ಇಳಿದವರು ಧಾರವಾಡದ ಕಡೆಯ ಒಬ್ಬ ರಿಟೈರ್ಡ್ ಎಂಜಿನಿಯರ್ ಸಾಹೇಬರು. ಚೀಲದೊಳಗಿಂದ ಡಬ್ಬಿ ತೆಗೆದರು, ಡಬ್ಬಿಯೊಳಗಿಂದ ಬಟ್ಟೆ, ಬಟ್ಟೆಯೊಳಗಿಂದ ರೀಲು. ಹೆರಿಗೆ ಆಸ್ಪತ್ರೆಯಿಂದ ಕೂಸನ್ನು ಮನೆಗೆ ತಂದವರ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು.

"ಜಪಾನದ್ದು ರೀ. ಒಳಗ ಹದಿಮೂರು ಬೇರಿಂಗ್ ಅದಾವ."

"ಮೂರನೂರ ಫೂಟಿಂದ ನೀರ ಎತ್ತೂ ಪಂಪಿನ್ಯಾಗ ಎರಡ ಬೇರಿಂಗ್ ಇರ್ತಾವ್ರಿ ಸಾಹೇಬ್ರ. ಇದೇನ ಎತ್ತತೈತಿ?"

ಅವರು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. "ಇದು ನಿಮಗ ತಿಳಿಯೂದಿಲ್ಲ ಬಿಡ್ರಿ."

ದಾರ ಸುತ್ತಿಸಲು ತಂದ ಸ್ಪೇರ್ ಸ್ಪೂಲು ಮೂರಿದ್ದವು. ಒಂದೊಂದಕ್ಕೂ ಒಂದೊಂದು ಮೆತ್ತನೆಯ ಚೀಲ, ಚೀಲದ ಮೇಲೆ ಒಂದೊಂದು ಚೀಟಿ: ನಿಂತ ನೀರಿಗೆ, ಹರಿಯುವ ನೀರಿಗೆ, ಗಾಳಿಯ ದಿನಕ್ಕೆ. ಅವರ ಒಂದು ಬಿಡಿ ಸ್ಪೂಲಿನ ಬೆಲೆಯಲ್ಲಿ ಡ್ರೈವರಿನಂಥ ಎರಡು ರೀಲು ಡಬ್ಬಿ ಸಮೇತ ಬರುತ್ತಿದ್ದವು. ಇಷ್ಟು ಸಾಮಾನು ಇಟ್ಟುಕೊಂಡವರು ಎಷ್ಟು ಮೀನು ಹಿಡಿದಿರಬಹುದು ಎಂಬ ಕುತೂಹಲ ಯಾರಿಗಾದರೂ ಇರುತ್ತದೆ. ಕೇಳಿದೆ.

"ನಾ ಹಿಡದ ಮೀನ ಒಯ್ಯೂದಿಲ್ರಿ. ಜೀವ ಪಾಪ. ವಾಪಸ್ ನೀರಿಗೆ ಬಿಡ್ತೇನಿ."

"ಇಲ್ಲೀತನಾ ಎಷ್ಟ ಬಿಟ್ಟೀರಿ?"

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು "ಒಂದು" ಅಂದರು.

ತಲೆಯ ಮೇಲಿನ ಫ್ಯಾನು

ಹತ್ತು ದಿನದ ಮೇಲೆ ಮಗಳನ್ನು ನೋಡಲು ಧಾರವಾಡದಿಂದ ಒಂದು ಮನೆಯವರು ಬಂದರು. ಬಾಗಿಲು ತೆಗೆದರೆ ಎದುರಿಗೆ ಅದೇ ಸಾಹೇಬರು, ಹುಡುಗನ ತಂದೆ.

"ಎರಡ ಬೇರಿಂಗಿನ ಪಂಪಿನವರು ನೀವ ಅಲ್ಲೇನ್ರಿ?" ಅಂದರು.

ಅಡಿಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತು ನನ್ನನ್ನೇ ನೋಡುತ್ತಿದ್ದಳು. "ಹೌದ್ರಿ. ಅದಕ್ಕೂ ಹದಿಮೂರ ಇದ್ದಿದ್ರ ಇನ್ನೂ ಛಲೋ ಎತ್ತತಿತ್ತು ನೋಡ್ರಿ" ಅಂದೆ. ಜೀವನದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದಲ್ಲ, ಆದರೆ ಪಂಪಿನ ವಿಷಯದಲ್ಲಿ ಮೊದಲನೆಯದು.

ಹುಡುಗ ಬಂಗಾರದಂಥವನು. ಬಂದಷ್ಟು ಹೊತ್ತು ಮೀನಿನ ಸುದ್ದಿಯನ್ನೇ ತೆಗೆಯಲಿಲ್ಲ. ಅವನಿಗೂ ಮಗಳಿಗೂ ಐದು ನಿಮಿಷದಲ್ಲಿ ಒಪ್ಪಿಗೆ ಆದದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಉಳಿದ ಐವತ್ತೈದು ನಿಮಿಷ ಸಾಹೇಬರು ರೀಲಿನ ಬಗ್ಗೆ ಮಾತಾಡಿದರು. ಕೊನೆಗೆ ನೀರಿನ ಲೋಟ ಎತ್ತಿಕೊಂಡು ತಮ್ಮ ಮನೆತನದ ಕಾಯಿದೆ ಹೇಳಿದರು: "ನಾ ಮನಷ್ಯಾನ್ನ ಅವನ ಸಾಮಾನ ನೋಡಿ ಅಳೀತೇನ್ರಿ. ಡುಪ್ಲಿಕೇಟ್ ಸಾಮಾನ ಇಟ್ಟವರ ಮನ್ಯಾಗ ನಾ ನೀರೂ ಕುಡಿಯೂದಿಲ್ಲ."

ಹೇಳಿ, ಗಟಗಟನೆ ಕುಡಿದು, ಮೇಲೆ ನೋಡಿ, "ಫ್ಯಾನು ಗಾಳಿ ಭಾಳ ಛಲೋ ಕೊಡಾಕತ್ತೈತ್ರಿ" ಅಂದರು. ಮೂರು ಸುಟ್ಟ ಫ್ಯಾನು ಬಿಚ್ಚಿ, ಒಂದರ ರೆಕ್ಕೆ, ಇನ್ನೊಂದರ ಬೇರಿಂಗು, ಮತ್ತೊಂದರ ಬಾಡಿ ಸೇರಿಸಿ ನಾನೇ ಜೋಡಿಸಿದ ಫ್ಯಾನು ಅದು.

ಹದಿನೈದು ಕಿಲೋ

ಮದುವೆ ಗೊತ್ತಾಯಿತು. ಒಂದು ಮಧ್ಯಾಹ್ನ ಸಾಹೇಬರು, ಈಗ ಬೀಗರು ಅನ್ನಬೇಕು, ಗಡಿಬಿಡಿಯಿಂದ ಅಂಗಡಿಗೆ ಬಂದರು. ಡ್ರೈವರೂ ಅಲ್ಲೇ ಚಹಾ ಕುಡಿಯುತ್ತ ಕೂತಿದ್ದ.

"ಹತ್ತು ಕಿಲೋ ಕಾಟ್ಲಾ ಮೀನ ಬಿದ್ದಿತ್ರಿ ಬೀಗರ. ಎಷ್ಟ ತಿರುವಿದ್ರೂ ದಾರ ಒಳಗ ಬರವಲ್ದು. ಹದಿನೈದು ಕಿಲೋದ ಮೀನ ತಪ್ಪಿಸಿಕೊಂಡು ಹೋತು."

ಒಂದೇ ಮಾತಿನಲ್ಲಿ ಮೀನು ಐದು ಕಿಲೋ ಬೆಳೆದದ್ದನ್ನು ನಾನು ಗಮನಿಸಿದೆ, ನುಂಗಿಕೊಂಡೆ. ಡ್ರೈವರಿಗೆ ನುಂಗಿಕೊಳ್ಳುವ ಕಾರಣ ಇರಲಿಲ್ಲ. "ಸಾಹೇಬ್ರ, ಅದು ನೀರಾಗ ಬಿದ್ದ ಜಾಲಿ ಟೊಂಗಿ ಅಲ್ಲೇನ್ರಿ? ನಾವ ನಾಕ ಮಂದಿ ಅಲ್ಲೇ ಇದ್ವಿ" ಅಂದ.

ರೀಲು ನೋಡಿದೆ. ತೊಂದರೆ ಎರಡು ನಿಮಿಷದಲ್ಲಿ ಸಿಕ್ಕಿತು. ದುಬಾರಿ ಸ್ಪೂಲು ಕನ್ನಡಿಯ ಹಾಗೆ ನುಣ್ಣಗೆ, ಅದಕ್ಕೆ ಬೀಗರು ತಾವೇ ಸುತ್ತಿದ ಹೆಣಿಗೆಯ ದಾರ ಅದಕ್ಕಿಂತ ನುಣ್ಣಗೆ. ಎಳೆದರೆ ದಾರದ ಇಡೀ ಸುತ್ತೇ ಸ್ಪೂಲಿನ ಮೇಲೆ ಜಾರಿ ಗಿರ್ರನೆ ತಿರುಗುತ್ತಿತ್ತು. ಡ್ರೈವರಿನ ಪ್ಲಾಸ್ಟಿಕ್ ಸ್ಪೂಲಿಗೆ ಈ ರೋಗವಿರಲಿಲ್ಲ, ಅವನು ದಾರ ಕಟ್ಟುವ ಮೊದಲು ಗಾಯಕ್ಕೆ ಹಚ್ಚುವ ಪಟ್ಟಿಯೊಂದನ್ನು ಅಂಟಿಸಿದ್ದ. ನಾನೂ ವಾಯರಿಗೆ ಸುತ್ತುವ ಟೇಪು ಗೇಣುದ್ದ ಹರಿದು ಸ್ಪೂಲಿಗೆ ಅಂಟಿಸಿ, ಮೇಲೆ ದಾರ ಸುತ್ತಿದೆ. ಜಾರುವುದು ನಿಂತಿತು.

ನಾಲಿಗೆಯ ತುದಿಗೆ ಏನು ಬಂದಿತ್ತು ಅಂತ ಹೇಳಬೇಕಾಗಿಲ್ಲ. ಆದರೆ ನಾನು ಹೇಳಿದ್ದು ಇದು: "ಜಪಾನದ ಸ್ಪೂಲು ನಮ್ಮ ಹವಾಕ್ಕ ಹೊಂದಿಕೊಳ್ಳಾಕ ಸ್ವಲ್ಪ ದಿನಾ ಬೇಕಾಗತೈತ್ರಿ ಬೀಗರ."

ಬೀಗರು ಡ್ರೈವರಿನ ಕಡೆ ತಿರುಗಿ "ಕೇಳಿದೇನಪಾ, ತಿಳಿದವರು ಹಿಂಗ ಮಾತಾಡ್ತಾರ" ಅಂದು ಕಾರು ಹತ್ತಿದರು. ಡ್ರೈವರು ನನ್ನ ಮುಖ ನೋಡಿ ಕೇಳಿದ: "ಕಾಕಾ, ಮೈಯಾಗ ಆರಾಮ ಇಲ್ಲೇನ್ರಿ?"

ಕಳೆದ ವಾಷರು

ಮದುವೆಗೆ ತಿಂಗಳಿದ್ದಾಗ ಬೀಗರು ರೀಲನ್ನು ತೊಳೆದು ಎಣ್ಣೆ ಬಿಡಲು ಕೊಟ್ಟು ಹೋದರು. ಸ್ಪೂಲಿನ ಹೊಟ್ಟೆಯಲ್ಲಿ ತೆಳ್ಳನೆಯ ವಾಷರುಗಳು ಒಂದರ ಮೇಲೊಂದು ಕೂತಿರುತ್ತವೆ. ದೊಡ್ಡ ಮೀನು ಎಳೆದಾಗ ದಾರ ಹರಿಯದೆ, ಹದವಾಗಿ ಬಿಟ್ಟುಕೊಡುವುದು ಅವುಗಳಿಂದ. ತೆಗೆದು ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಅಷ್ಟರಲ್ಲಿ ಯಾರೋ ಪಂಪು ತಂದು ಧೊಪ್ಪನೆ ಟೇಬಲ್ಲಿನ ಮೇಲಿಟ್ಟರು. ಒಂದು ವಾಷರು ಹಾರಿ ತಾಮ್ರದ ತುಣುಕಿನ ರಾಶಿಯೊಳಗೆ ಹೋಯಿತು. ಸಂಜೆಯ ತನಕ ಜರಡಿ ಹಿಡಿದೆ, ಸಿಗಲಿಲ್ಲ. ಸ್ಪೇರ್ ಸ್ಪೂಲಿನದನ್ನು ಹಾಕೋಣವೆಂದರೆ ಮೂರೂ ಬೀಗರ ಮನೆಯ ಕಪಾಟಿನಲ್ಲಿದ್ದವು.

ಆ ದಿನವೇ ಪ್ರೆಸ್ಸಿನಿಂದ ಮಗಳ ಮದುವೆಯ ಕಾರ್ಡು ಬಂದಿದ್ದವು. ಗೇಜು ಹಿಡಿದು ನೋಡಿದರೆ ಕಾರ್ಡಿನ ದಪ್ಪವೂ ವಾಷರಿನ ದಪ್ಪವೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಕತ್ತರಿಸಿದೆ, ನಡುವೆ ತೂತು ಹಾಕಿದೆ, ಮೋಟರಿಗೆ ಬಿಡುವ ವಾರ್ನಿಷಿನಲ್ಲಿ ಅದ್ದಿ ಬಲ್ಬಿನ ಕೆಳಗೆ ಒಣಗಿಸಿದೆ. ಕಾರ್ಡಿನ ಅಂಚಿಗೆ ಬಂಗಾರದ ಬಣ್ಣದ ಗಿಣಿಗಳ ಸಾಲು ಇತ್ತು. ಒಂದು ಗಿಣಿಯ ಬಾಲ ವಾಷರಿನ ಮೇಲೆ ಉಳಿದುಬಿಟ್ಟಿತು. ಅದನ್ನು ಕೆಳಮುಖ ಮಾಡಿ ಕೂಡಿಸಿದೆ.

ಬೀಗರು ಬಂದು ದಾರ ಎಳೆದು ನೋಡಿದರು. "ಬೆಣ್ಣಿ ರೀ, ಬೆಣ್ಣಿ. ಇದಕ್ಕ ಅಂತಾರ ಒರಿಜಿನಲ್ ಸಾಮಾನು."

ಹೆಂಡತಿಗೆ ಹೇಳಿದೆ. ಅವಳು ದೇವರ ಫೋಟೋದ ಮುಂದೆ ನಿಲ್ಲಿಸಿ, ಬಾಯಿ ಬಿಡುವುದಿಲ್ಲವೆಂದು ಆಣೆ ಹಾಕಿಸಿಕೊಂಡಳು. ವಾರದ ಮೇಲೆ ಬೀಗರ ಫೋನು ಬಂತು: "ಮದವಿ ಗದ್ದಲದಾಗ ಕೆರೀಗೆ ಹೋಗೂದು ಆಗೂದಿಲ್ಲ ನೋಡ್ರಿ. ಅದಕ್ಕ ರೀಲನ್ನ ಕಂಪನಿ ಸರ್ವಿಸಿಗೆ ಮುಂಬೈಕ ಕಳಿಸೇನಿ. ಒಳಗಿನ ಒಂದೊಂದ ಸಾಮಾನೂ ಬಿಚ್ಚಿ ನೋಡ್ತಾರಂತ."

ಆ ವಾರ ನಾನು ಎರಡು ಮಿಕ್ಸರು ಉಲ್ಟಾ ಸುತ್ತಿದೆ.

ಮುಂಬೈಯಿಂದ ಬಂದ ಚೀಟಿ

ಮದುವೆಗೆ ಎಂಟು ದಿನ ಇರುವಾಗ ಬೀಗರನ್ನು ಊಟಕ್ಕೆ ಕರೆದಿದ್ದೆವು. ಕಾರಿನಿಂದ ಇಳಿಯುವಾಗಲೇ ಕೈಯಲ್ಲಿ ಆ ಚೀಲ. ಹೋಳಿಗೆ ಬಡಿಸುವ ಹೊತ್ತಿಗೆ ಬೀಗರು ಚೀಲ ಬಿಚ್ಚಿದರು.

"ಕಂಪನಿಯವರು ಕೆಡಿಸಿ ಕಳಿಸ್ಯಾರ್ರಿ ಬೀಗರ. ದಾರ ಎಳದ್ರ ಜಗ್ಗಿ ಜಗ್ಗಿ ಬರತೈತಿ. ಮೊದಲಿನ ಬೆಣ್ಣಿ ಇಲ್ಲ."

ಜೊತೆಗಿದ್ದ ಚೀಟಿಯನ್ನು ಗಟ್ಟಿಯಾಗಿ ಓದಿದರು. ರೀಲನ್ನು ಪೂರ್ತಿ ಪರೀಕ್ಷಿಸಲಾಗಿದೆ, ಎಲ್ಲ ಭಾಗಗಳೂ ಒರಿಜಿನಲ್ ಇವೆ, ಸವೆದ ಒಂದು ಒರಿಜಿನಲ್ ವಾಷರನ್ನು ಬದಲಿಸಿ ಹಳೆಯದನ್ನು ಇದರೊಂದಿಗೆ ಕಳಿಸಲಾಗಿದೆ ಎಂದಿತ್ತು. ಮುಂಬೈಯಲ್ಲಿ ಕೂತು ಅದನ್ನು ಪರೀಕ್ಷಿಸಿದ ಪುಣ್ಯಾತ್ಮನಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಬೀಗರು ಸಣ್ಣ ಪ್ಲಾಸ್ಟಿಕ್ ಪಾಕೀಟು ಹರಿದು ವಾಷರನ್ನು ಅಂಗೈಯ ಮೇಲೆ ಇಟ್ಟುಕೊಂಡರು.

"ಈ ಒರಿಜಿನಲ್ಲನ್ನ ನೀವ ತಿರುಗಿ ಹಾಕಿ ಕೊಡ್ರಿ. ಇಲ್ನೋಡ್ರಿ, ಒಳಗ ಯಾರಿಗೂ ಕಾಣದ ವಾಷರಿಗೂ ಬಂಗಾರದ ಗೆರಿ ಹಾಕ್ಯಾರ ಜಪಾನದವರು. ನಮ್ಮವರ ಕೈಲೆ ಇದು ಆಗತೈತೇನ್ರಿ?"

ತುಪ್ಪ ಹಾಕುತ್ತಿದ್ದ ಹೆಂಡತಿಯ ಚಮಚೆ ಗಾಳಿಯಲ್ಲಿ ನಿಂತಿತು. ಹೊಟ್ಟೆಯಿಂದ ಎದ್ದು ಬಂದ ಮಾತು ಗಂಟಲಿನ ತನಕ ಬಂತು. ಅದನ್ನು ಹೋಳಿಗೆಯ ತುಂಡಿನ ಜೊತೆ ಒಳಗೆ ನೂಕಿ, "ಆಗೂದಿಲ್ರಿ" ಅಂದೆ. ಹೆಂಡತಿಯ ಕಣ್ಣಲ್ಲಿ ನೀರು ಬಂತು. ಮದುವೆಯಾದ ಮೇಲೆ ನಾನು ಅವಳ ಮಾತು ನಡೆಸಿಕೊಟ್ಟದ್ದು ಅದೇ ಮೊದಲು.

ಅಷ್ಟರಲ್ಲಿ ಹಾಲಿನ ಪಾತ್ರೆ ಹಿಡಿದು ಬಂದ ಮಗಳು ಬೀಗರ ಅಂಗೈಗೆ ಬಗ್ಗಿ ನೋಡಿದಳು. ಆಸ್ಪತ್ರೆಯಲ್ಲಿ ವರದಿ ಓದುವ ದನಿಯಲ್ಲೇ ಹೇಳಿದಳು: "ಮಾವಾರ, ಇದು ನಮ್ಮ ಮದವಿ ಕಾರ್ಡ್ ಅಲ್ಲೇನ್ರಿ? ಇದು ಗಿಣಿ ಬಾಲ. ಈ ಡಿಸೈನ್ ನಾನ ಆರಿಸಿದ್ದು. ಮ್ಯಾಲ ಅಪ್ಪನ ಅಂಗಡಿ ವಾರ್ನಿಷ್ ಐತಿ, ವಾಸನಿ ಬರಾಕತ್ತೈತಿ."

ಹುಡುಗ ತಟ್ಟೆಯ ಮೇಲೆ ಮುಖ ಬಗ್ಗಿಸಿದ್ದ, ಅವನ ಹೆಗಲು ನಗುವಿನಿಂದ ಅಲುಗುತ್ತಿದ್ದವು. ಬೀಗರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ವಾಷರನ್ನು ನೋಡಿದರು, ಚೀಟಿಯನ್ನು ನೋಡಿದರು, ನನ್ನನ್ನು ನೋಡಿದರು. ಅವರ ಕೈ ನೀರಿನ ಲೋಟದ ಕಡೆ ಹೋಗಿ, ಅರ್ಧದಲ್ಲಿ ನಿಂತಿತು. ಅವರ ಮನೆತನದ ಕಾಯಿದೆ ನನಗೆ ನೆನಪಾಯಿತು, ಅವರಿಗೂ ನೆನಪಾಗಿರಬೇಕು.

ಆಮೇಲೆ ಅವರು ಲೋಟ ಎತ್ತಿ, ಒಂದು ಹನಿ ಬಿಡದಂತೆ ಕುಡಿದು ಕೆಳಗಿಟ್ಟರು.

"ಕಾರ್ಡು ಇನ್ನೂ ಉಳದಾವೇನವಾ?"

"ನೂರರ ಮ್ಯಾಲ ಅದಾವ್ರಿ ಮಾವಾರ."

"ಹಂಗಾದ್ರ ಮೂರೂ ಸ್ಪೇರ್ ಸ್ಪೂಲಿಗೆ ಒಂದೊಂದ ಕತ್ತರಿಸಿ ಕೊಡಾಕ ಹೇಳ ನಿಮ್ಮಪ್ಪಗ" ಅಂದರು ಬೀಗರು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು: "ಆದ್ರ ಬೀಗರ, ಕೆರಿ ಮಂದಿ ಮುಂದ ಮಾತ್ರ ಇದು ಜಪಾನದ್ದ."