ಸೊಳ್ಳೆಗೆ ಬಳೆ ತೊಡಿಸಹೊರಟ ಮಕ್ಕಳು

ಟೋಲ್ ಗೇಟು

"ನೀವ್ ಕೇಳ್ತಿರೋ ಊರು ಇಂದೇನೇ ಓಯ್ತಲ್ಲ ಅಕ್ಕಾ!"

ಕಾರಿನ ಕಿಟಕಿಗೆ ಗಲ್ಲ ಊರಿ ಹೀಗೆಂದವಳು ಐದನೇ ಕ್ಲಾಸಿನ ಹುಡುಗಿ. ನಂಗವಳ್ಳಿ ದಾಟಿದ ಮೇಲೆ ಫೋನಿನ ನಕ್ಷೆಯನ್ನು ನಂಬಿ, ಸುತ್ತಿ ಸುತ್ತಿ ಅದೇ ಹುಣಸೆಮರದ ಎದುರಿಗೆ ಬಂದು ನಿಂತಿದ್ದೆ. ಮಗ್ಗದವರಿಂದ ಟವೆಲ್ ನೇಯಿಸಿ ಹೊರದೇಶಕ್ಕೆ ಕಳಿಸುವುದು ನನ್ನ ಕಸುಬು. ಇಸ್ತಾಂಬುಲ್ಲಿನ ಸಂದಿಗೊಂದಿಗಳಲ್ಲಿ ತಪ್ಪದ ದಾರಿ ಹುಟ್ಟಿದ ಸೇಲಂ ಜಿಲ್ಲೆಯಲ್ಲೇ ತಪ್ಪುತ್ತದೆ. ತಪ್ಪಿದಾಗಲೆಲ್ಲ ಇಂಥದ್ದೊಂದು ಗಂಟುಬೀಳುತ್ತದೆ.

ಹಿಂದಕ್ಕೆ ತಿರುಗಿಸೋಣವೆಂದರೆ ರಸ್ತೆಗೆ ಅಡ್ಡವಾಗಿ ಹಗ್ಗ ಬಂದಿತ್ತು. ಎರಡೂ ತುದಿಯಲ್ಲಿ ಯೂನಿಫಾರಂ ತೊಟ್ಟ ಮಕ್ಕಳು.

"ಇದೇನಮ್ಮಾ?"

"ಟೋಲ್ ಗೇಟು. ಇಟ್ಟಿಗೆ ಗೂಡಿನ ಮಕ್ಕಳಿಗೆ ಮಲೇರಿಯಾ ಬರ್ತೈತೆ. ಮಳೆಗಾಲ ಬರೋದ್ರೊಳಗೆ ಗುಡಿಸಲಿಗೊಂದು ಸೊಳ್ಳೆ ಪರದೆ ತಕ್ಕೊಡ್ಬೇಕು."

ನಾನು ಗಾಜಿನ ಮೇಲೆ ಅಂಟಿಸಿದ್ದ ಚೀಟಿ ತೋರಿಸಿ ಬೀಗಿದೆ. "ನನ್ನ ಹತ್ರ ಫಾಸ್ಟ್ಯಾಗ್ ಇದೆ."

"ಅಂಗಾದ್ರೆ ಫಾಸ್ಟಾಗಿ ಕೊಡಿ ಅಕ್ಕಾ, ಇಂದೆ ಟ್ರ್ಯಾಕ್ಟರ್ ಬರ್ತಾ ಐತೆ."

ವಲೈ, ಬಲೆ, ಬಳೆ

ಟವೆಲ್ಲಿನ ಕೆಲಸಕ್ಕೆ ಆ ಊರಿಗೆ ಮತ್ತೆ ಮತ್ತೆ ಹೋಗಬೇಕಾಯಿತು. ಹೋದಾಗಲೆಲ್ಲ ಈ ಪಡೆ ನನ್ನ ಕಾರನ್ನು ವಶಪಡಿಸಿಕೊಳ್ಳುತ್ತಿತ್ತು; ಅವರ ಬಾಯಲ್ಲಿ ನಾನು 'ಕಾರಕ್ಕ' ಆದೆ. ಆ ಐದನೇ ಕ್ಲಾಸಿನವಳೇ ಲೀಡರ್.

ಈ ಮಕ್ಕಳು ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿಯುವುದು ತಮಿಳು. ಸೊಳ್ಳೆ ಪರದೆಗೆ ಟೀಚರ್ ಹೇಳಿಕೊಟ್ಟ ತಮಿಳು ಮಾತು 'ಕೊಸು ವಲೈ'. ಮಗ್ಗದ ಬೀದಿಯ ಮುದುಕಿಯರಿಗೆ ಅದನ್ನು ಅಚ್ಚಕನ್ನಡದಲ್ಲೇ ಹೇಳಬೇಕೆಂದು ಲೀಡರಿಗೆ ಹಟ. ತಮಿಳಿನ ವಾಳೈ ಕನ್ನಡದಲ್ಲಿ ಬಾಳೆಯಾದರೆ ವಲೈ ಏನಾಗಬೇಕು? ಅವಳೇ ಲೆಕ್ಕ ಹಾಕಿದಳು.

"ಅಜ್ಜೀ, ಸೊಳ್ಳೆ ಬಳೆಗೆ ದುಡ್ ಕೊಡಜ್ಜೀ."

ರಾಟೆ ಸುತ್ತುತ್ತಿದ್ದ ಅಜ್ಜಿಯ ಕೈ ನಿಂತಿತು. "ಸೊಳ್ಳೆಗ್ಯಾಕಲೇ ಬಳೆ? ಅದಕ್ಕೇನ್ ಸೀಮಂತವಾ?"

"ಕಚ್ಚೋದು ಎಣ್ ಸೊಳ್ಳೆ ಮಾತ್ರ ಅಜ್ಜೀ. ಗಂಡ್ ಸೊಳ್ಳೆ ಪಾಪ, ಏನೂ ಮಾಡಕಿಲ್ಲ. ಟೀಚರ್ ಏಳವ್ರೆ."

ಅಜ್ಜಿ ಯೋಚಿಸಿದಳು. ನಾನು ಬಾಯಿ ಹಾಕುವಷ್ಟರಲ್ಲಿ ಅವಳ ಮುಖ ಅರಳಿತು. "ಸರಿ ಐತೆ ಬಿಡು. ಬಳೆ ಇದ್ರೆ ಗಲ್ ಗಲ್ ಅಂತ ಸದ್ದಾಯ್ತದೆ, ಬರೋದು ಗೊತ್ತಾಯ್ತದೆ. ಒಳ್ಳೆ ಪ್ಲಾನು!" ಎಂದು ಸೆರಗಿನ ಗಂಟು ಬಿಚ್ಚಿ ಮಕ್ಕಳ ಡಬ್ಬಿಗೆ ನೋಟು ಹಾಕಿದಳು.

ನಾನು ತಿದ್ದಲಿಲ್ಲ. ಎಸಿ ಹಾಕಿದ ಸಭೆಗಳಲ್ಲಿ ಕೂತು ಇದಕ್ಕಿಂತ ದಡ್ಡ ಪ್ಲಾನುಗಳಿಗೆ ಚಪ್ಪಾಳೆ ತಟ್ಟಿದವಳು ನಾನು.

ಟೈರಿನ ಯಜಮಾನರು

ಆ ಊರಲ್ಲಿ ಶಂಕಗಿರಿಗೆ ಲಾರಿ ಬಿಟ್ಟಿರುವ ಯಜಮಾನರೊಬ್ಬರಿದ್ದಾರೆ. ಮನೆಯ ಹಿಂದೆ ಹಳೇ ಟೈರಿನ ಗುಡ್ಡ, ಪ್ರತಿ ಟೈರಿನೊಳಗೂ ನಿಂತ ನೀರು. ಸೊಳ್ಳೆ ಸಾಕಿದವರಿಗೆ ದಂಡ ಎಂಬುದು ಮಕ್ಕಳೇ ಮಾಡಿಕೊಂಡ ಕಾನೂನು. ಲೀಡರ್ ಹೋಗಿ ಕೈ ಚಾಚಿದಳು.

ಯಜಮಾನರು ಪೇಪರ್ ಓದುವವರು, ವಾದಕ್ಕೆ ನಿಂತರು. "ಟೈರ್ ನೀರಾಗೆ ಇರೋದು ಡೆಂಗ್ಯೂ ಸೊಳ್ಳೆ ಕಣಮ್ಮೀ. ಮಲೇರಿಯಾದ್ದೇ ಬೇರೆ. ನಿಮ್ ವಸೂಲಿ ಯಾವುದಕ್ಕೆ?"

"ಮಲೇರಿಯಾಗೆ."

"ಅಷ್ಟೇ ಮತ್ತೆ! ನಂಗೂ ಅದಕ್ಕೂ ಸಂಬಂಧ ಇಲ್ಲ. ನಡೀರಿ."

ಮಕ್ಕಳು ಗೇಟಿನ ಹತ್ತಿರ ಗುಂಪುಗೂಡಿ ಗುಸುಗುಸು ಮಾಡಿದರು. ಲೀಡರ್ ವಾಪಸು ಬಂದಳು.

"ಸರಿ ದೊಡ್ಡಪ್ಪ. ಮಲೇರಿಯಾದ್ದು ಮನ್ನಾ. ಡೆಂಗ್ಯೂಗೆ ಡಬಲ್ ಆಗ್ತೈತೆ."

ಯಜಮಾನರು ಮಲೇರಿಯಾ ದಂಡವನ್ನೇ ಕಟ್ಟಿ, ಟೈರುಗಳನ್ನು ಕವುಚಿ ಹಾಕಿಸಿದರು. ಆಮೇಲೆ ನನ್ನ ಕಿವಿಯಲ್ಲಿ, "ಈ ಪಾಪುನ ನಮ್ ಲಾರಿ ಆಫೀಸಿನ ವಸೂಲಿಗೆ ಬರ್ತೀಯಾ ಅಂತ ಕೇಳಿ ನೋಡಿ ಅಮ್ಮಾ," ಎಂದರು.

ಚಳಿ

ಒಂದು ದಿನ ಮಕ್ಕಳು ನನ್ನನ್ನು ಇಟ್ಟಿಗೆ ಗೂಡಿನ ಹತ್ತಿರ ಕರೆದುಕೊಂಡು ಹೋದರು. ಒಡಿಶಾದಿಂದ ಕೆಲಸಕ್ಕೆ ಬಂದವರ ಗುಡಿಸಲು ಸಾಲು. ಬಾಗಿಲ ಜಾಗದಲ್ಲಿ ಗೋಣಿತಾಟು. ಕಡೇ ಗುಡಿಸಲಿನ ಪೋರ ಇವರ ಶಾಲೆಯಲ್ಲೇ ಒಂದನೇ ಕ್ಲಾಸು. ಅವನು ಶಾಲೆಗೆ ಬರಲಿಲ್ಲವೆಂದು ಹಿಂದೊಮ್ಮೆ ಹುಡುಕಿಕೊಂಡು ಬಂದಾಗ, ಮೊಟ್ಟೆ ಬೇಯುವಂಥ ಬಿಸಿಲಲ್ಲಿ ಮೂರು ಗೋಣಿಚೀಲ ಹೊದ್ದು ಹಲ್ಲು ಕಟಕಟಿಸುತ್ತಿದ್ದನಂತೆ. ನರ್ಸಮ್ಮ ರಕ್ತ ನೋಡಿ ಮಾತ್ರೆ ಕೊಟ್ಟು ಉಳಿಸಿದರು. ಊರೆಲ್ಲ ನಿಟ್ಟುಸಿರಿಟ್ಟು ಸುಮ್ಮನಾಯಿತು. ಲೀಡರ್ ಮಾತ್ರ ಟೀಚರನ್ನು ಕೇಳಿದಳಂತೆ: "ಮಾತ್ರೆ ಮುಗಿದ್ಮೇಲೆ ಅದೇ ಗುಡಿಸಲಾಗೇ ತಾನೆ ಟೀಚರ್ ಮಲಗೋದು?"

ಎಲ್ಲ ಶುರುವಾದದ್ದು ಅಲ್ಲಿಂದ. ಆಫ್ರಿಕಾದ ಬಂದರೊಂದರಲ್ಲಿ ಆ ಚಳಿ ನನ್ನನ್ನೂ ಅಲ್ಲಾಡಿಸಿತ್ತು. ವಾಸಿಯಾದ ಮೇಲೆ ಆಸ್ಪತ್ರೆಯ ಪಕ್ಕದ ಹಾಸಿಗೆಯವರು ಮನೆಗೆ ಹೋಗಿ ಎಲ್ಲಿ ಮಲಗುತ್ತಾರೆಂದು ಕೇಳುವ ಬುದ್ಧಿ ನನಗೆ ಬಂದಿರಲಿಲ್ಲ.

ಪೋರನಿಗೆ ಅವಳು ಪರದೆಯ ವಿಷಯ ವಿವರಿಸಿದಳು. "ನೀನು ಒಳಗೆ, ಸೊಳ್ಳೆ ಒರಗೆ."

ಅವನು ಹೊಸದಾಗಿ ಕಲಿತ ತಮಿಳಿನಲ್ಲಿ ಬಹಳ ಚಿಂತೆಯಿಂದ ಕೇಳಿದ: "ಆಗ ಸೊಳ್ಳೆಗೆ ಚಳಿ ಬರಲ್ವಾ?"

ಒರು ತರಂ, ರೆಂಡು ತರಂ

ಮೋಡ ಕಟ್ಟಲು ಶುರುವಾಗಿತ್ತು. ಪರದೆಗಳನ್ನು ಸಾಲಿನ ಮೊದಲಿಂದ ಕೊಡುತ್ತಾ ಬಂದಿದ್ದರು. ಉಳಿದದ್ದು ಕಡೇ ಗುಡಿಸಲು, ಆ ಪೋರನದ್ದೇ. ಡಬ್ಬಿ ಖಾಲಿ. ಶಾಲೆಯ ತೋಟದಲ್ಲಿ ಬೆಳೆದದ್ದನ್ನು ಭಾನುವಾರ ಹರಾಜು ಹಾಕುವುದೆಂದು ತೀರ್ಮಾನವಾಯಿತು. ನಾನು ಮುಂದಿನ ಸಾಲಲ್ಲಿ ಕೂತೆ, ನೋಡುವುದಕ್ಕೆ ಮಾತ್ರ.

ಬದನೆ, ಬೆಂಡೆ ಚಿಲ್ಲರೆಗೆ ಹೋದವು. ಕಡೆಗೆ ಒಂದು ಕುಂಬಳಕಾಯಿ ಬಂತು. ಅಂಗಡಿಯವನೊಬ್ಬ ಏನೋ ಬೆಲೆ ಕೂಗಿ ಸುಮ್ಮನಾದ.

"ಒರು ತರಂ..." ಒಂದು ಸಲ, ಎರಡು ಸಲ ಎನ್ನುವ ಹರಾಜಿನ ತಮಿಳು ಎಣಿಕೆಯನ್ನು ಲೀಡರ್ ಮೈಕಿನಲ್ಲಿ ಶುರುಮಾಡಿದಳು. "ರೆಂಡು ತರಂ..."

ನನ್ನ ಬಲಗಿವಿಯ ಹತ್ತಿರ ಗುಂಯ್ ಎಂದಿತು. ಕೈ ಎತ್ತಿ ಬೀಸಿದೆ.

"ಕಾರಕ್ಕ ಏರಿಸವ್ರೆ!"

"ಅಲ್ಲಮ್ಮಾ, ಅದು..." ಎನ್ನುವಷ್ಟರಲ್ಲಿ ಗುಂಯ್ ಎಡಗಿವಿಗೆ ಬಂತು. ಬೀಸಿದೆ.

"ಕಾರಕ್ಕನ ಮೇಲೆ ಕಾರಕ್ಕನೇ ಏರಿಸವ್ರೆ!"

ಜನ ಶಿಳ್ಳೆ ಹಾಕಿದರು. ಅದು ಬಿಡಲಿಲ್ಲ, ನಾನೂ ಬಿಡಲಿಲ್ಲ. ಎರಡೂ ಕೈಯಲ್ಲಿ ಬಾರಿಸಿದೆ. "ಮೂಣು ತರಂ!" ಎಂದಾಗ ಆ ಕುಂಬಳಕಾಯಿ ಸರಿಯಾಗಿ ಒಂದು ಸೊಳ್ಳೆ ಪರದೆಯ ಬೆಲೆಗೆ ಬಂದು ನಿಂತಿತ್ತು. ಆ ಹುಡುಗಿ ಅಲ್ಲಿಗೆ ನಿಲ್ಲಿಸಿದ್ದು ಅಕಸ್ಮಾತ್ತೋ ಬೇಕೆಂದೋ ನನಗೆ ಇವತ್ತಿಗೂ ಗೊತ್ತಿಲ್ಲ.

ಫೋನಿನಲ್ಲಿ ಕಳಿಸೋಣವೆಂದರೆ ಟವರ್ ಇಲ್ಲ, ಪರ್ಸಿನಲ್ಲಿ ದುಡ್ಡಿಲ್ಲ.

"ಪರವಾಯಿಲ್ಲ ಅಕ್ಕಾ, ಓಗಿ ತಕ್ಕೊಂಡ್ ಬನ್ನಿ," ಎಂದಳು ಲೀಡರ್. ಕುಂಬಳಕಾಯಿಯನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು ಭದ್ರವಾಗಿ ಕೂತಳು.

ಸಾಲಗಾರ್ತಿಯಾಗಿ ನಂಗವಳ್ಳಿಯ ಎಟಿಎಂಗೆ ಓಡಿ ವಾಪಸು ಬಂದಾಗ ಹರಾಜು ಇನ್ನೂ ನಡೆದಿತ್ತು. ಯಾರೋ ಪುಣ್ಯಾತ್ಮರು ಹುಂಜ ಕೊಟ್ಟಿದ್ದರಂತೆ. ಲೀಡರ್ ಮೈಕನ್ನು ಅಂಗೈಯಿಂದ ಮುಚ್ಚಿ ಕೇಳಿದಳು.

"ಅಕ್ಕಾ, ಕಡೇ ಪರದೆ ಕೊಟ್ಟೋರು ಅಂತ ಮೈಕಾಗೆ ಯಾರ್ ಎಸ್ರು ಏಳ್ಲಿ? ನಿಮ್ದಾ, ಸೊಳ್ಳೇದಾ?"

"ಸೊಳ್ಳೇದೇ ಹೇಳಮ್ಮಾ."

ಹೇಳಿಯೇಬಿಟ್ಟಳು. ಊರು ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ಹುಂಜಕ್ಕೆ ರೆಂಡು ತರಂ ಆಗಿತ್ತು, ನನ್ನ ಕಿವಿಯ ಹತ್ತಿರ ಮತ್ತೆ ಗುಂಯ್. ಕಚ್ಚಿಕೋ ತಾಯಿ ಎಂದು ಕತ್ತು ಒಡ್ಡಿದೆ. ಕೈಯನ್ನು ಸೊಂಟದಿಂದ ಮೇಲಕ್ಕೆ ಎತ್ತದೆ, ಸಾಲದ ದುಡ್ಡನ್ನು ಅವಳ ಡಬ್ಬಿಗೆ ಹಾಕಿದೆ.